ಬಿಲ್ಲಿಲ್ಲದ ಖರ್ಚು: ಗಾಲಿಯ ಹವಾ

ವ್ಯಾಪಾರಸ್ಥರ ಲೆಕ್ಕದ ಪುಸ್ತಕದಲ್ಲಿ ವಾಹನಕ್ಕೆ ಸಂಬಂಧಿಸಿದ ಪ್ರತಿಯೊಂದು ಖರ್ಚಿಗೂ ಒಂದು ಖಾತೆಯಿರುತ್ತದೆ. ಇಂಧನಕ್ಕೆ ಒಂದು, ದುರಸ್ತಿಗೆ ಒಂದು, ವಿಮೆಗೆ ಒಂದು, ಚಾಲಕನ ಸಂಬಳ ಮತ್ತು ಭತ್ಯೆಗೆ ಇನ್ನೊಂದು. ಪ್ರತಿಯೊಂದು ನಮೂದಿನ ಹಿಂದೆ ಒಂದು ಬಿಲ್ಲು, ಆ ಬಿಲ್ಲಿನ ಮೇಲೆ ಯಾರದಾದರೊಂದು ಸಹಿ. ಆದರೆ ಗಾಲಿಗಳಲ್ಲಿ ತುಂಬಿಸುವ ಹವಾಕ್ಕೆ ಬಿಲ್ಲು ಇಲ್ಲ. ಪೆಟ್ರೋಲ್ ಬಂಕುಗಳಲ್ಲಿ ಅದನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವೇ ಇದೆ. ಪಂಕ್ಚರ್ ಅಂಗಡಿಯಲ್ಲಿಯಾದರೆ ಹತ್ತಿಪ್ಪತ್ತು ರೂಪಾಯಿಗೆ ಕೆಲಸ ಮುಗಿಯುತ್ತದೆ. ಬಿಲ್ಲು ಇಲ್ಲವಾದ್ದರಿಂದ ಖಾತೆಯಿಲ್ಲ. ಖಾತೆಯಿಲ್ಲವಾದ್ದರಿಂದ ಹೊಣೆಗಾರರೂ ಇಲ್ಲ. ಹೀಗೆ ಯಾರ ಹೊಣೆಯೂ ಅಲ್ಲದ ವಸ್ತುವೇ ನಮ್ಮ ಸರಕನ್ನೂ ನಮ್ಮ ಜೀವವನ್ನೂ ಹೊತ್ತು ಓಡುತ್ತಿರುತ್ತದೆ. ಅದರಲ್ಲಿ ಕೊರತೆಯಾದಾಗ ಉಂಟಾಗುವ ನಷ್ಟವು ಇಂಧನ, ಟೈರು, ದುರಸ್ತಿ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋಗಿ, ಮೂಲ ಕಾರಣವು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ವ್ಯವಹಾರವು ಗಾಲಿಗಳ ಮೇಲೆಯೇ ನಿಂತಿದೆ. ಕಬ್ಬು ಕಾರ್ಖಾನೆಗೆ ಹೋಗಬೇಕು. ಅರಿಷಿಣ ಸಾಂಗಲಿಯ ಪೇಟೆಗೆ ಹೋಗಬೇಕು. ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ ಮತ್ತು ಒಣದ್ರಾಕ್ಷಿ ದೂರದ ಊರುಗಳಿಗೆ ತಲುಪಬೇಕು. ಪಾಲಬಾವಿ, ಮುಗಳಖೋಡ, ಹಾರೂಗೇರಿ ಕಡೆಯ ಅಂಗಡಿಕಾರರು ವಾರಕ್ಕೊಮ್ಮೆಯಾದರೂ ಕೊಲ್ಲಾಪುರಕ್ಕೋ ಬೆಳಗಾವಿಗೋ ಕಾರಿನಲ್ಲಿ ಹೋಗಿಬರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಯುವ ಉದ್ಯಮಿಗಳು ವೇಗದ ಕಾರುಗಳನ್ನೂ ಕೊಳ್ಳುತ್ತಿದ್ದಾರೆ. ಹೆದ್ದಾರಿಗಳು ಅಗಲವಾಗಿವೆ, ಎಂಜಿನ್‌ಗಳ ಶಕ್ತಿ ಹೆಚ್ಚಿದೆ. ಆದರೆ ಗಾಲಿಯ ಹವಾ ಮಾತ್ರ ಇಂದಿಗೂ ಪಂಕ್ಚರ್ ಅಂಗಡಿಯ ಹುಡುಗನ ಅಂದಾಜಿನ ಮೇಲೆಯೇ ನಡೆದಿದೆ. ಈ ವಿಷಯವನ್ನು ಲೆಕ್ಕಿಗನ ದೃಷ್ಟಿಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನ್ಯಾಯಾಲಯ ಹೇಳಿದ್ದೇನು?

ಮೊದಲಿಗೆ ಕಾನೂನಿನ ಮಾತು. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬಯಿಗೆ ಹೊರಟಿದ್ದ ಕಾರೊಂದರ ಹಿಂದಿನ ಟೈರು ಒಡೆದು, ಕಾರು ಆಳವಾದ ಕಂದಕಕ್ಕೆ ಉರುಳಿ, ಪ್ರಯಾಣಿಕರೊಬ್ಬರು ಮೃತಪಟ್ಟರು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು 2016ರಲ್ಲಿ ಅವರ ಕುಟುಂಬಕ್ಕೆ ಸುಮಾರು 1.25 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ವಿಮಾ ಕಂಪನಿಯು ಬಾಂಬೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿ, ಟೈರು ಒಡೆಯುವುದು ದೈವಾಧೀನ ಘಟನೆ, ಅದಕ್ಕೆ ಯಾರೂ ಹೊಣೆಯಲ್ಲ ಎಂದು ವಾದಿಸಿತು. 2023ರಲ್ಲಿ ಹೈಕೋರ್ಟು ಈ ವಾದವನ್ನು ತಳ್ಳಿಹಾಕಿತು. ಟೈರು ಒಡೆಯಲು ಅತಿವೇಗ, ಕಡಿಮೆ ಹವಾ, ಹೆಚ್ಚಾದ ಹವಾ, ಬಳಸಿದ ಹಳೆಯ ಟೈರು, ಉಷ್ಣತೆ ಮುಂತಾದ ಕಾರಣಗಳಿರುತ್ತವೆ. ಪ್ರಯಾಣಕ್ಕೆ ಮೊದಲು ಟೈರುಗಳ ಸ್ಥಿತಿಯನ್ನು ನೋಡಿಕೊಳ್ಳಬೇಕಾದುದು ಚಾಲಕನ ಕರ್ತವ್ಯ. ಆದ್ದರಿಂದ ಇದು ಮನುಷ್ಯನ ಅಲಕ್ಷ್ಯವೇ ಹೊರತು ನಿಸರ್ಗದ ಕೃತ್ಯವಲ್ಲ ಎಂಬುದು ತೀರ್ಪಿನ ಸಾರಾಂಶ.

ಈ ತೀರ್ಪು ವ್ಯಾಪಾರಸ್ಥರಿಗೆ ಏಕೆ ಮುಖ್ಯ? ನಮ್ಮಲ್ಲಿ ಬಹುತೇಕರದು ಏಕವ್ಯಕ್ತಿ ಮಾಲೀಕತ್ವದ ಇಲ್ಲವೇ ಪಾಲುದಾರಿಕೆಯ ವ್ಯವಹಾರ. ಅಂಗಡಿಯ ಸಾಲಕ್ಕೂ ಹೊಣೆಗೂ ಮನೆ, ಹೊಲಗಳು ಸಹ ಗುರಿಯಾಗುತ್ತವೆ. ವಿಮೆಯು ಊರ್ಜಿತದಲ್ಲಿದ್ದು ಅದರ ಷರತ್ತುಗಳು ಪಾಲನೆಯಾಗಿದ್ದರೆ ವಿಮಾ ಕಂಪನಿ ಹಣ ಕೊಟ್ಟೀತು. ವಿಮೆಯ ನವೀಕರಣ ತಪ್ಪಿದ್ದರೆ, ಚಾಲಕನ ಪರವಾನಗಿಯ ಅವಧಿ ಮುಗಿದಿದ್ದರೆ, ಆ ಭಾರ ಕೊನೆಗೆ ಬೀಳುವುದು ಮಾಲೀಕರ ಹೆಗಲಿಗೆ. ‘ಟೈರು ಒಡೆದದ್ದು ನಮ್ಮ ದುರ್ದೈವ’ ಎಂಬ ಸಮಾಧಾನ ಇನ್ನು ಮುಂದೆ ನ್ಯಾಯಾಲಯದ ಬಾಗಿಲಲ್ಲಿ ನಡೆಯಲಾರದು.

ಸರಿಯಾದ ಅಂಕಿ ಎಲ್ಲಿದೆ?

ಹವಾ ಒತ್ತಡವನ್ನು ಅಳೆಯುವ ರೂಢಿಯ ಮಾನ ಪಿ.ಎಸ್.ಐ., ಅಂದರೆ ಒಂದು ಚದರ ಅಂಗುಲದ ಮೇಲೆ ಬೀಳುವ ಪೌಂಡುಗಳ ಲೆಕ್ಕ. ಈ ಲೇಖನದಲ್ಲಿ ಅದನ್ನು ಸರಳವಾಗಿ ಪೌಂಡು ಎಂದೇ ಕರೆಯುತ್ತೇನೆ. ವಿದೇಶಿ ಮೂಲದ ಕಾರುಗಳಲ್ಲಿ ಬಾರ್ ಅಥವಾ ಕಿಲೋಪಾಸ್ಕಲ್ ಎಂಬ ಮಾನಗಳಿರಬಹುದು. 1 ಬಾರ್ ಎಂದರೆ ಸುಮಾರು 14.5 ಪೌಂಡು, ಅಥವಾ 100 ಕಿಲೋಪಾಸ್ಕಲ್.

ಕಾರಿಗೆ ಬೇಕಾದ ಸರಿಯಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ, ಇಲ್ಲವೇ ಇಂಧನದ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ ಪಟ್ಟಿಯಲ್ಲಿರುತ್ತದೆ. ವಾಹನದೊಂದಿಗೆ ಬರುವ ಕೈಪಿಡಿಯಲ್ಲಿಯೂ ಇರುತ್ತದೆ. ಮುಂದಿನ ಗಾಲಿಗೆ ಎಷ್ಟು, ಹಿಂದಿನ ಗಾಲಿಗೆ ಎಷ್ಟು, ಇಬ್ಬರು ಕುಳಿತಾಗ ಎಷ್ಟು, ಪೂರ್ತಿ ಜನ ಮತ್ತು ಸಾಮಾನು ತುಂಬಿದಾಗ ಎಷ್ಟು ಎಂದು ಅದರಲ್ಲಿ ಬೇರೆ ಬೇರೆಯಾಗಿ ಬರೆದಿರುತ್ತಾರೆ. ವೇಗದ ಕಾರುಗಳ ಕೆಲವು ತಯಾರಕರು ಅತಿವೇಗದ ಓಟಕ್ಕೆ ಮತ್ತೊಂದು ಅಂಕಿಯನ್ನೂ ಕೊಡುತ್ತಾರೆ. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿದ 44 ಅಥವಾ 51 ಪೌಂಡು ಎಂಬಂತಹ ಅಂಕಿಯನ್ನು ನೋಡಿ ಅಷ್ಟು ತುಂಬಿಸುವವರೂ ಇದ್ದಾರೆ. ಅದು ಆ ಟೈರು ತಾಳಬಲ್ಲ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿಗೆ ಬೇಕಾದ ಒತ್ತಡವಲ್ಲ. ಒಂದೇ ಅಳತೆಯ ಟೈರನ್ನು ಹತ್ತು ಬಗೆಯ ವಾಹನಗಳಿಗೆ ಹಾಕಬಹುದು. ಯಾವ ವಾಹನಕ್ಕೆ ಎಷ್ಟು ಬೇಕೆಂಬುದನ್ನು ಹೇಳಬಲ್ಲವರು ವಾಹನ ತಯಾರಕರು ಮಾತ್ರ.

ಹವಾ ಏಕೆ ಮುಖ್ಯವೆಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. 1,200 ಕಿಲೋ ತೂಗುವ ಕಾರಿನ ಒಂದೊಂದು ಗಾಲಿಯ ಮೇಲೆ ಸರಾಸರಿ 300 ಕಿಲೋ ಭಾರ ಬೀಳುತ್ತದೆ. 33 ಪೌಂಡು ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. ಭಾಗಿಸಿ ನೋಡಿದರೆ, ಪ್ರತಿ ಗಾಲಿಯು ನೆಲವನ್ನು ಮುಟ್ಟುವ ಜಾಗ ಸುಮಾರು 130 ಚದರ ಸೆಂಟಿಮೀಟರು. ನಮ್ಮ ಅಂಚೆ ಕಾರ್ಡಿನ ಅಳತೆ 14ಕ್ಕೆ 9 ಸೆಂಟಿಮೀಟರು, ಅಂದರೆ 126 ಚದರ ಸೆಂಟಿಮೀಟರು. ನಾಲ್ಕು ಅಂಚೆ ಕಾರ್ಡುಗಳಷ್ಟು ಜಾಗದ ಮೇಲೆ ಇಡೀ ಕಾರು ನಿಂತಿದೆ, ತಿರುಗುತ್ತದೆ, ಬ್ರೇಕು ಹಾಕಿದಾಗ ನಿಲ್ಲುತ್ತದೆ. ಭಾರವನ್ನು ಹೊರುತ್ತಿರುವುದು ಮುಖ್ಯವಾಗಿ ಒಳಗಿನ ಒತ್ತಡದ ಗಾಳಿ; ರಬ್ಬರು ಮತ್ತು ತಂತಿಗಳು ಆ ಗಾಳಿಯನ್ನು ಹಿಡಿದಿಟ್ಟಿರುವ ಪಾತ್ರೆ.

ಹವಾ ಕಡಿಮೆಯಾದರೆ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗುತ್ತವೆ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಅದು ಬಿಸಿಯಾಗಿ ಮುರಿಯುವಂತೆ, ಟೈರು ಒಳಗೊಳಗೇ ಬಿಸಿಯಾಗಿ ಪದರಗಳು ಬಿಡತೊಡಗುತ್ತವೆ. ಭಾರ, ವೇಗ ಹಾಗೂ ಬಿಸಿಲು ಮೂರೂ ಸೇರಿದ ದಿನ ಅದು ಒಡೆಯುತ್ತದೆ. ಹವಾ ಹೆಚ್ಚಾದರೆ ನೆಲ ಮುಟ್ಟುವ ಜಾಗ ಕಿರಿದಾಗಿ ಹಿಡಿತ ತಗ್ಗುತ್ತದೆ. ಟೈರಿನ ನಡುಭಾಗ ಬೇಗ ಸವೆಯುತ್ತದೆ. ರಸ್ತೆಯ ಗುಂಡಿಗಳ ಪೆಟ್ಟು ನೇರವಾಗಿ ಬೀಳುತ್ತದೆ. ಟೈರಿನ ಎರಡು ಅಂಚುಗಳು ಸವೆದಿದ್ದರೆ ಬಹುಕಾಲ ಹವಾ ಕಡಿಮೆಯಿತ್ತೆಂದೂ, ನಡುಭಾಗ ಸವೆದಿದ್ದರೆ ಹೆಚ್ಚಿತ್ತೆಂದೂ ಸಾಮಾನ್ಯವಾಗಿ ತಿಳಿಯಬಹುದು.

ತಣ್ಣಗಿರುವಾಗಲೇ ಅಳೆಯಬೇಕು

ಪಟ್ಟಿಯಲ್ಲಿರುವ ಅಂಕಿಯು ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು. ತಣ್ಣಗಿರುವ ಟೈರು ಎಂದರೆ ವಾಹನವು ಕನಿಷ್ಠ ಮೂರು ತಾಸು ನಿಂತಿರಬೇಕು, ಅಥವಾ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಹೆದ್ದಾರಿಯಲ್ಲಿ ಒಂದು ತಾಸು ಓಡಿದ ಕಾರಿನಲ್ಲಿ ಒತ್ತಡವು ನಾಲ್ಕೈದು ಪೌಂಡು ಏರಿರುವುದು ಸಹಜ. ಅದನ್ನು ಕಂಡು ‘ಹವಾ ಜಾಸ್ತಿಯಾಗಿದೆ’ ಎಂದು ಬಿಡಿಸಿದರೆ, ಮರುದಿನ ಬೆಳಿಗ್ಗೆ ಅದೇ ಟೈರು ಕೊರತೆಯಲ್ಲಿರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಿಸಬಾರದೆಂಬುದು ಕಟ್ಟುನಿಟ್ಟಾದ ನಿಯಮ.

ಋತುಮಾನದ ಪರಿಣಾಮವೂ ಇದೆ. ನಮ್ಮ ಭಾಗದಲ್ಲಿ ಏಪ್ರಿಲಿನ ಮಧ್ಯಾಹ್ನ 40 ಡಿಗ್ರಿಯ ಸಮೀಪ ಬಿಸಿಲು. ಡಿಸೆಂಬರಿನ ನಸುಕಿನಲ್ಲಿ 15 ಡಿಗ್ರಿಯ ಆಸುಪಾಸು ಚಳಿ. ಈ 25 ಡಿಗ್ರಿಯ ಅಂತರದಿಂದಲೇ 33 ಪೌಂಡಿನ ಟೈರಿನಲ್ಲಿ ಸುಮಾರು 4 ಪೌಂಡು ಇಳಿಯುತ್ತದೆ. ಇದಲ್ಲದೆ, ಯಾವ ದೋಷವೂ ಇಲ್ಲದ ಟೈರು ಸಹ ತಿಂಗಳಿಗೆ ಒಂದು ಪೌಂಡಿನಷ್ಟು ಗಾಳಿಯನ್ನು ತಾನಾಗಿ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ತುಂಬಿಸಿ ಮರೆತ ಕಾರು ಕಬ್ಬಿನ ಹಂಗಾಮು ಬರುವ ಹೊತ್ತಿಗೆ ಹತ್ತು ಪೌಂಡು ಕೊರತೆಯಲ್ಲಿದ್ದರೆ ಆಶ್ಚರ್ಯವಿಲ್ಲ.

ಕೊರತೆಯನ್ನು ಕಣ್ಣಿನಿಂದ ಅಳೆಯಲು ಬರುವುದಿಲ್ಲ. ಈಗಿನ ರೇಡಿಯಲ್ ಟೈರುಗಳ ಪಕ್ಕೆ ಸರಿಯಾದ ಹವಾ ಇದ್ದಾಗಲೂ ತುಸು ಉಬ್ಬಿಕೊಂಡೇ ಕಾಣುತ್ತದೆ. ಕಾಲಿನಿಂದ ಒದ್ದು ನೋಡುವುದು, ಕಬ್ಬಿಣದ ಸಲಾಕೆಯಿಂದ ಬಡಿದು ಸದ್ದು ಕೇಳುವುದು ಪೂರ್ತಿ ಇಳಿದ ಟೈರನ್ನು ಗುರುತಿಸಲು ಸಾಕಾದೀತು. ಎಂಟು ಪೌಂಡಿನ ಕೊರತೆಯನ್ನು ತೋರಿಸಲಾರದು. ಹೊಸ ಕಾರುಗಳಲ್ಲಿ ಒತ್ತಡ ತಗ್ಗಿದರೆ ಎಚ್ಚರಿಸುವ ದೀಪವಿರುತ್ತದೆ. ಆದರೆ ಅಮೆರಿಕದ ನಿಯಮದ ಪ್ರಕಾರ ಆ ದೀಪ ಹತ್ತಬೇಕಾದುದು ಒತ್ತಡವು ಶೇಕಡಾ 25ರಷ್ಟು ತಗ್ಗಿದಾಗ. ಅಂದರೆ 33 ಪೌಂಡಿನ ಟೈರು 25ಕ್ಕೆ ಇಳಿದ ಮೇಲೆ. ದೀಪವು ಕೊನೆಯ ಎಚ್ಚರಿಕೆಯಷ್ಟೇ. ತಿಂಗಳ ತಪಾಸಣೆಗೆ ಅದು ಬದಲಿಯಾಗದು.

ನೈಟ್ರೋಜನ್ ತುಂಬಿಸಿದರೆ ನೋಡುವ ಅಗತ್ಯವೇ ಇಲ್ಲವೆಂಬ ನಂಬಿಕೆಯೂ ಇದೆ. ನಾವು ಉಸಿರಾಡುವ ಗಾಳಿಯಲ್ಲಿಯೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ತೇವಾಂಶವಿರುವುದಿಲ್ಲ. ಇಷ್ಟು ಲಾಭ ನಿಜ. ಆದರೆ ಮೊಳೆ ಚುಚ್ಚಿದರೆ ಅದೂ ಹೋಗುತ್ತದೆ, ಚಳಿಯಲ್ಲಿ ಅದರ ಒತ್ತಡವೂ ಇಳಿಯುತ್ತದೆ.

ವೇಗದ ಕಾರಿನ ಪಾಠ

ಮುಂದಿನ ಮತ್ತು ಹಿಂದಿನ ಗಾಲಿಗಳ ಅಂಕಿ ಬೇರೆಯಾಗಿದ್ದಾಗ ಅದನ್ನು ಪಾಲಿಸದಿದ್ದರೆ ಏನಾಗುತ್ತದೆಂಬುದಕ್ಕೆ ವಾಹನೋದ್ಯಮದ ಚರಿತ್ರೆಯಲ್ಲಿ ಪ್ರಸಿದ್ಧ ಉದಾಹರಣೆಯೊಂದಿದೆ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು 1960ರ ಮಾದರಿಯಾಗಿ ಶೆವ್ರೊಲೆ ಕಾರ್ವೇರ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ಅದರ ಎಂಜಿನ್ ಹಿಂಭಾಗದಲ್ಲಿತ್ತು. ಮೊನ್ಝಾ ಎಂಬ ಅದರ ಕ್ರೀಡಾ ಮಾದರಿ ಯುವಜನರನ್ನು ಸೆಳೆಯಿತು. ಹಿಂದೆ ಭಾರ ಹೆಚ್ಚಾದ್ದರಿಂದ ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಜಾರುವ ಸ್ವಭಾವವಿತ್ತು. ಅದನ್ನು ಹತೋಟಿಯಲ್ಲಿಡಲು ಸಂಸ್ಥೆಯು ಮುಂದಿನ ಗಾಲಿಗೆ ಕೇವಲ 15 ಪೌಂಡು, ಹಿಂದಿನದಕ್ಕೆ 26 ಪೌಂಡು ಎಂದು ನಿಗದಿಪಡಿಸಿತು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಆದರೆ ಆ ಕಾಲದ ಬಂಕುಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಅಂಕಿ ತುಂಬಿಸುವ ರೂಢಿ. ಮುಂದಿನ ಗಾಲಿಗೆ 15 ಎಂಬುದು ಯಾರಿಗಾದರೂ ತಪ್ಪೆಂದೇ ತೋರುವಷ್ಟು ಕಡಿಮೆ. ಒಳ್ಳೆಯ ಮನಸ್ಸಿನಿಂದಲೇ ಅದನ್ನು ‘ಸರಿಪಡಿಸಿದ’ ಕೆಲಸಗಾರ ಕಾರಿನ ಸಮತೋಲವನ್ನೇ ಕೆಡಿಸುತ್ತಿದ್ದ.

ರಾಲ್ಫ್ ನೇಡರ್ ಅವರು 1965ರಲ್ಲಿ ಪ್ರಕಟಿಸಿದ, ಅಮೆರಿಕದ ವಾಹನ ಸುರಕ್ಷತೆಯ ಚಿತ್ರವನ್ನೇ ಬದಲಿಸಿದ ಪುಸ್ತಕದ ಮೊದಲ ಅಧ್ಯಾಯ ಈ ಕಾರಿನ ಮೇಲೆಯೇ ಇದೆ. ಸಂಸ್ಥೆಯು 1964 ಮತ್ತು 1965ರ ಮಾದರಿಗಳಲ್ಲಿ ಕಾರಿನ ಅಡಿಯ ರಚನೆಯನ್ನು ಸುಧಾರಿಸಿತು. 1972ರಲ್ಲಿ ಅಮೆರಿಕದ ಸರ್ಕಾರಿ ಸುರಕ್ಷತಾ ಸಂಸ್ಥೆಯು ಪರೀಕ್ಷೆ ನಡೆಸಿ, ಆ ಕಾಲದ ಇತರ ಕಾರುಗಳಿಗಿಂತ ಇದು ಹೆಚ್ಚು ಅಪಾಯಕಾರಿಯಲ್ಲವೆಂದು ಹೇಳಿತು. ಆದರೆ ಅಷ್ಟರೊಳಗೆ, 1969ರಲ್ಲಿಯೇ, ಕಾರಿನ ತಯಾರಿಕೆ ನಿಂತಿತ್ತು. ಬಳಕೆದಾರನು ರೂಢಿಗೆ ವಿರುದ್ಧವಾದ ಕೆಲಸವೊಂದನ್ನು ತಪ್ಪದೆ ಮಾಡಿದರೆ ಮಾತ್ರ ಒಂದು ವಸ್ತು ಸರಿಯಾಗಿ ನಡೆಯುವಂತಿದ್ದರೆ, ಆ ಮಾತನ್ನು ಕೈಪಿಡಿಯ ಒಳಪುಟದಲ್ಲಿ ಬರೆದು ಕೈತೊಳೆದುಕೊಳ್ಳಬಾರದು. ಪಂಪು, ಒಕ್ಕಣೆ ಯಂತ್ರ, ಟ್ರೇಲರ್ ತಯಾರಿಸುವ ನಮ್ಮ ಸಣ್ಣ ಉತ್ಪಾದಕರೂ ಗಮನಿಸಬೇಕಾದ ಪಾಠವಿದು.

ಇಂದಿನ ವೇಗದ ಕಾರುಗಳಲ್ಲಿಯೂ ಮುಂದೆ ಮತ್ತು ಹಿಂದೆ ಟೈರಿನ ಅಗಲ ಬೇರೆ, ಒತ್ತಡ ಬೇರೆ ಇರುವುದು ಸಾಮಾನ್ಯ. ಆದ್ದರಿಂದ ಅಂತಹ ಕಾರನ್ನು ಹವಾ ಹಾಕಿಸಲು ಕೊಟ್ಟು ದೂರ ನಿಲ್ಲಬಾರದು. ಪಟ್ಟಿಯನ್ನು ಓದಿ ಹೇಳಿ, ಗಾಲಿಯಿಂದ ಗಾಲಿಗೆ ನೋಡಬೇಕು. ಟೈರಿನ ಮೇಲಿನ ವೇಗದ ಅಕ್ಷರವನ್ನೂ ಗಮನಿಸಬೇಕು. ‘ಟಿ’ ಎಂದರೆ ಗಂಟೆಗೆ 190 ಕಿಲೋಮೀಟರು, ‘ಎಚ್’ ಎಂದರೆ 210, ‘ವಿ’ ಎಂದರೆ 240, ‘ವೈ’ ಎಂದರೆ 300. ಅದರ ಹಿಂದಿನ ಅಂಕಿ ಭಾರದ ಸೂಚಿ. 91 ಎಂದಿದ್ದರೆ ಒಂದು ಟೈರು 615 ಕಿಲೋ ಹೊರಬಲ್ಲುದು. ಇವೆಲ್ಲವೂ ಸರಿಯಾದ ಹವಾ ಇದ್ದಾಗ ಮಾತ್ರ ಸಲ್ಲುವ ಭರವಸೆಗಳು. ಇನ್ನು, ರೇಸಿನಲ್ಲಿ ಹವಾ ಕಡಿಮೆ ಇಡುತ್ತಾರೆಂದು ಕೇಳಿ ರಸ್ತೆಯಲ್ಲಿ ಹಾಗೆ ಮಾಡುವ ಯುವಕರಿಗೊಂದು ಮಾತು: ರೇಸಿನಲ್ಲಿ ಟೈರು ಕೆಲವೇ ಸುತ್ತುಗಳಲ್ಲಿ ಬಹಳ ಬಿಸಿಯಾಗಿ, ಬೇಕಾದ ಒತ್ತಡಕ್ಕೆ ತಾನೇ ಏರುತ್ತದೆ. ಆ ಲೆಕ್ಕ ಹಾಕಿಯೇ ಆರಂಭದಲ್ಲಿ ಕಡಿಮೆ ಇಡುತ್ತಾರೆ. ಚಿಕ್ಕೋಡಿಯ ರಸ್ತೆಗೆ ಆ ಲೆಕ್ಕ ಹೊಂದದು.

ಟೈರಿನ ವಯಸ್ಸೂ ಮುಖ್ಯ. 2013ರ ನವೆಂಬರಿನಲ್ಲಿ ಹಾಲಿವುಡ್ ನಟ ಪಾಲ್ ವಾಕರ್ ಸಾವಿಗೀಡಾದ ಪೋರ್ಷೆ ಕರೆರಾ ಜಿಟಿ ಕಾರಿನ ಅಪಘಾತಕ್ಕೆ ತನಿಖೆಯು ಅತಿವೇಗವನ್ನೇ ಕಾರಣವೆಂದು ಹೇಳಿತು. ಜೊತೆಗೆ, ಅದರ ಟೈರುಗಳು ಒಂಬತ್ತು ವರ್ಷ ಹಳೆಯವಾಗಿದ್ದವೆಂಬುದನ್ನೂ ದಾಖಲಿಸಿತು. ಕಡಿಮೆ ಓಡಿದ ಕಾರಿನ ಟೈರು ಹೊಸದರಂತೆ ಕಾಣುತ್ತದೆ, ಆದರೆ ರಬ್ಬರು ಗಡುಸಾಗಿರುತ್ತದೆ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ; 2324 ಎಂದರೆ 2024ರ 23ನೆಯ ವಾರ.

ಎರಡು ಸಂಸ್ಥೆಗಳು, ಎರಡು ಅಂಕಿಗಳು

ಫೋರ್ಡ್ ಎಕ್ಸ್‌ಪ್ಲೋರರ್ ವಾಹನದ ಪ್ರಕರಣ ಇನ್ನೂ ದೊಡ್ಡದು. ಈ ವಾಹನಕ್ಕೆ ಫೋರ್ಡ್ ಸಂಸ್ಥೆ 26 ಪೌಂಡು ಹವಾ ಸೂಚಿಸಿತ್ತು. ಟೈರು ಪೂರೈಸಿದ ಫೈರ್‌ಸ್ಟೋನ್ ಸಂಸ್ಥೆ 30 ಪೌಂಡು ಇರಬೇಕಿತ್ತೆಂದು ವಾದಿಸಿತು. ಟೈರಿನ ಪದರ ಕಳಚಿ ವಾಹನಗಳು ಉರುಳತೊಡಗಿದವು. 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಅಮೆರಿಕದಲ್ಲಿ 271 ಸಾವುಗಳನ್ನು ಈ ಟೈರುಗಳಿಗೆ ಸಂಬಂಧಿಸಿದವೆಂದು ಗುರುತಿಸಲಾಯಿತು. ಟೈರಿನ ತಯಾರಿಕೆಯಲ್ಲಿನ ದೋಷವೂ ಕಾರಣವಾಗಿತ್ತು. ಕಡಿಮೆ ಒತ್ತಡದಿಂದಾಗಿ ಭಾರ ಮತ್ತು ಬಿಸಿಲನ್ನು ತಾಳಲು ಉಳಿದಿದ್ದ ಅಂತರವೂ ಕಿರಿದಾಗಿತ್ತು. ಹೆನ್ರಿ ಫೋರ್ಡ್ ಮತ್ತು ಹಾರ್ವೆ ಫೈರ್‌ಸ್ಟೋನ್ ಅವರ ಕಾಲದಿಂದ ಸುಮಾರು ನೂರು ವರ್ಷ ನಡೆದುಬಂದಿದ್ದ ವ್ಯಾಪಾರ ಸಂಬಂಧ 2001ರಲ್ಲಿ ಮುರಿದುಬಿತ್ತು. ಹೊಸ ಕಾರುಗಳಲ್ಲಿ ಒತ್ತಡದ ಎಚ್ಚರಿಕೆ ದೀಪವನ್ನು ಕಡ್ಡಾಯಗೊಳಿಸಿದ ಅಮೆರಿಕದ ಕಾನೂನು ಹುಟ್ಟಿದ್ದು ಈ ದುರಂತದಿಂದಲೇ. ನಾಲ್ಕು ಪೌಂಡಿನ ವ್ಯತ್ಯಾಸವು ಎಷ್ಟು ದೊಡ್ಡ ವಿವಾದವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸರಕು ವಾಹನ, ಟ್ರ್ಯಾಕ್ಟರು

ಲಾರಿಗಳ ಹಿಂಬದಿಯ ಜೋಡಿ ಗಾಲಿಗಳಲ್ಲಿ ಒಳಗಿನ ಗಾಲಿಯ ವಾಲ್ವಿಗೆ ಕೈ ಸುಲಭವಾಗಿ ತಲುಪುವುದಿಲ್ಲ. ಆದ್ದರಿಂದ ಹೊರಗಿನದಕ್ಕೆ ಮಾತ್ರ ಹವಾ ಹಾಕಿ ಮುಂದೆ ಸಾಗುವ ರೂಢಿ ಬೆಳೆದಿದೆ. ಜೋಡಿಯಲ್ಲಿ ಒಂದಕ್ಕೆ ಹವಾ ಕಡಿಮೆಯಾದರೆ ಇನ್ನೊಂದು ಅದರ ಪಾಲಿನ ಭಾರವನ್ನೂ ಹೊರಬೇಕಾಗುತ್ತದೆ. ಒಂದು ಬಿಸಿಯಿಂದ, ಇನ್ನೊಂದು ಅತಿಭಾರದಿಂದ, ಎರಡೂ ಹಾಳಾಗುತ್ತವೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಸರಕು ವಾಹನಗಳ ಭಾರದ ಮಿತಿಯನ್ನು ಹೆಚ್ಚಿಸಿತು. ಎರಡು ಅಚ್ಚಿನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಅಧಿಸೂಚನೆಯಿಂದ ಕಾನೂನಿನ ಮಿತಿ ಏರುತ್ತದೆ; ಟೈರಿನ ಸಾಮರ್ಥ್ಯ ಏರುವುದಿಲ್ಲ. ಹೇರುವ ಭಾರಕ್ಕೆ ತಕ್ಕ ಟೈರು ಮತ್ತು ಹವಾ ಇವೆಯೇ ಎಂದು ನೋಡಿಕೊಳ್ಳುವುದು ಮಾಲೀಕರಿಗೇ ಬಿಟ್ಟದ್ದು.

ಟ್ರ್ಯಾಕ್ಟರಿನ ಮಾತು ಬೇರೆ. ಹೊಲದಲ್ಲಿ ಹಿಡಿತ ಬೇಕು, ಮಣ್ಣು ಗಟ್ಟಿಯಾಗಬಾರದು. ಆದ್ದರಿಂದ ಹಿಂದಿನ ದೊಡ್ಡ ಗಾಲಿಗೆ 12ರಿಂದ 14 ಪೌಂಡಿನ ಆಸುಪಾಸು ಸಾಕಾಗುತ್ತದೆ. ಅದೇ ಟ್ರ್ಯಾಕ್ಟರು ಕಬ್ಬು ತುಂಬಿದ ಟ್ರೇಲರುಗಳನ್ನು ಎಳೆದುಕೊಂಡು ಡಾಂಬರು ರಸ್ತೆಗೆ ಬಂದಾಗ ಹೆಚ್ಚಿನ ಒತ್ತಡ ಬೇಕು. ಎಷ್ಟೆಂಬುದನ್ನು ಕೈಪಿಡಿ ಹೇಳುತ್ತದೆ. ಉಳುಮೆಯ ಹವಾದಲ್ಲಿಯೇ ಹಂಗಾಮು ಮುಗಿಸುವವರು ಟೈರನ್ನು ಡಾಂಬರಿಗೆ ತೇಯ್ದು ಕೊಡುತ್ತಿರುತ್ತಾರೆ. ಟ್ರೇಲರಿನ ಗಾಲಿಗಳಂತೂ ಎಂಟು ತಿಂಗಳು ಬಿಸಿಲು, ಮಳೆಯಲ್ಲಿ ನಿಂತು, ಹಂಗಾಮಿನ ಮೊದಲ ದಿನವೇ ಪೂರ್ಣ ಭಾರ ಹೊರುತ್ತವೆ.

ಲೆಕ್ಕ ಏನು ಹೇಳುತ್ತದೆ?

ನಷ್ಟವನ್ನು ಉತ್ಪ್ರೇಕ್ಷೆಯಿಲ್ಲದೆ ಲೆಕ್ಕ ಹಾಕೋಣ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಕಾರಿನ ನಾಲ್ಕೂ ಟೈರುಗಳ ಸರಾಸರಿ ಒತ್ತಡ ಒಂದು ಪೌಂಡು ತಗ್ಗಿದರೆ ಮೈಲೇಜು ಸುಮಾರು ಶೇಕಡಾ 0.2ರಷ್ಟು ಇಳಿಯುತ್ತದೆ. ವರ್ಷಕ್ಕೆ 15,000 ಕಿಲೋಮೀಟರು ಓಡುವ, ಲೀಟರಿಗೆ 18 ಕಿಲೋಮೀಟರು ಕೊಡುವ ಕಾರಿಗೆ ಸುಮಾರು 833 ಲೀಟರು ಇಂಧನ ಬೇಕು. ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂಪಾಯಿ ಎಂದರೆ 83,300 ರೂಪಾಯಿ. ಎಂಟು ಪೌಂಡು ಕೊರತೆಯಿದ್ದರೆ ಶೇಕಡಾ 1.6, ಅಂದರೆ ವರ್ಷಕ್ಕೆ ಸುಮಾರು 1,300 ರೂಪಾಯಿ ನಷ್ಟ. ಇದು ದೊಡ್ಡ ಮೊತ್ತವಲ್ಲ.

ದೊಡ್ಡ ನಷ್ಟ ಟೈರಿನ ಆಯುಷ್ಯದಲ್ಲಿದೆ. ಆರು ಗಾಲಿಯ ಲಾರಿಯ ಟೈರುಗಳಿಗೆ ಒಟ್ಟು 1,20,000 ರೂಪಾಯಿ ಬೆಲೆ, 60,000 ಕಿಲೋಮೀಟರು ಆಯುಷ್ಯ ಎಂದು ಹಿಡಿದರೆ ಕಿಲೋಮೀಟರಿಗೆ 2 ರೂಪಾಯಿ ಖರ್ಚು. ಹವಾ ಕೊರತೆಯಿಂದ ಆಯುಷ್ಯ ಐದರಲ್ಲಿ ಒಂದು ಪಾಲು ತಗ್ಗಿ 48,000ಕ್ಕೆ ಇಳಿದರೆ ಖರ್ಚು 2.50 ರೂಪಾಯಿಗೆ ಏರುತ್ತದೆ. 60,000 ಕಿಲೋಮೀಟರಿಗೆ 30,000 ರೂಪಾಯಿ ವ್ಯತ್ಯಾಸ. ಇದರ ಮೇಲೆ ದಾರಿಯಲ್ಲಿ ನಿಂತ ದಿನದ ಬಾಡಿಗೆ, ಚಾಲಕನ ಭತ್ಯೆ, ತಲುಪದ ಸರಕಿನ ತಗಾದೆ. ಕಡಿದ ಕಬ್ಬು ರಸ್ತೆಯ ಬದಿಯಲ್ಲಿ ನಿಂತಷ್ಟೂ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಬೆಲೆ, ನಿಮ್ಮ ಓಟ ಹಾಕಿ ನೀವೇ ಲೆಕ್ಕ ಮಾಡಬಹುದು.

ತೆರಿಗೆಯ ವಿಷಯ ಒಂದೆರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ, ಟ್ರ್ಯಾಕ್ಟರಿನ ಟೈರು ಮತ್ತು ಟ್ಯೂಬುಗಳ ಮೇಲೆ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ನೋಂದಾಯಿತ ವ್ಯಾಪಾರಸ್ಥರು ತೆರಿಗೆಗೊಳಪಟ್ಟ ವ್ಯವಹಾರಕ್ಕೆ ಬಳಸುವ ಸರಕು ವಾಹನದ ಟೈರಿಗೆ ಕೊಟ್ಟ ತೆರಿಗೆಯ ಜಮೆಯನ್ನು ಪಡೆಯಬಹುದು. ಅದಕ್ಕೆ ಸರಿಯಾದ ತೆರಿಗೆ ಬಿಲ್ಲು ಬೇಕು. ಬಿಲ್ಲಿನ ಮೇಲೆ ಟೈರಿನ ಕ್ರಮಸಂಖ್ಯೆಯನ್ನೂ ಬರೆಸಿಕೊಂಡರೆ ಖಾತರಿಯ ತಕರಾರು ಬಂದಾಗ ಉಪಯೋಗಕ್ಕೆ ಬರುತ್ತದೆ. ಕಾರಿನ ಟೈರಿನ ವಳಿ ಕನಿಷ್ಠ 1.6 ಮಿಲಿಮೀಟರು ಆಳವಿರಬೇಕೆಂಬುದು ಮೋಟಾರು ವಾಹನ ನಿಯಮವೆಂಬುದನ್ನೂ ಮರೆಯಬಾರದು.

ಹವಾ ವಹಿ

ಪರಿಹಾರ ಸರಳವಾಗಿದೆ. ಮೊದಲನೆಯದಾಗಿ, ಕೆಲವು ನೂರು ರೂಪಾಯಿಗೆ ದೊರೆಯುವ ಒಳ್ಳೆಯ ಒತ್ತಡಮಾಪಕವನ್ನು ಅಂಗಡಿಗೆ ತನ್ನಿ. ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವ ನಾವು, ಈ ಮಾಪಕವನ್ನೂ ಆಗಾಗ ಇನ್ನೊಂದರೊಂದಿಗೆ ಹೋಲಿಸಿ ನೋಡಬೇಕು. ಎರಡನೆಯದಾಗಿ, ಪ್ರತಿ ವಾಹನದ ಸರಿಯಾದ ಅಂಕಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಚಾಲಕನ ಮುಂದೆ ಅಂಟಿಸಿ. ಮೂರನೆಯದಾಗಿ, ಒಬ್ಬರನ್ನು ಹೆಸರು ಹಿಡಿದು ಹೊಣೆಗಾರರನ್ನಾಗಿ ಮಾಡಿ. ನಾಲ್ಕನೆಯದಾಗಿ, ಒಂದು ವಹಿಯನ್ನಿಡಿ. ಅದರಲ್ಲಿ ದಿನಾಂಕ, ವಾಹನದ ಸಂಖ್ಯೆ, ಓಡಿದ ಕಿಲೋಮೀಟರು ಇರಲಿ. ಪ್ರತಿ ಗಾಲಿಗೆ ಎರಡು ಕಲಮುಗಳಿರಲಿ: ತುಂಬಿಸುವ ಮೊದಲು ಎಷ್ಟಿತ್ತು, ತುಂಬಿಸಿದ ಮೇಲೆ ಎಷ್ಟಾಯಿತು. ಸ್ಟೆಪ್ನಿ ಗಾಲಿಗೂ ಒಂದು ಸಾಲು ಇರಲಿ.

ಇವುಗಳಲ್ಲಿ ಬಹಳ ಮುಖ್ಯವಾದುದು ಮೊದಲಿನ ಅಂಕಿ. ಅದು ಆರಂಭದ ಶಿಲ್ಕು ಇದ್ದಂತೆ. ಶಿಲ್ಕು ಬರೆಯದ ನಗದು ಪುಸ್ತಕದಲ್ಲಿ ಹಣ ಎಲ್ಲಿ ಸೋರಿತೆಂದು ಹೇಗೆ ತಿಳಿಯದೋ, ತುಂಬಿಸುವ ಮೊದಲು ಅಳೆಯದ ಗಾಲಿಯಲ್ಲಿ ಗಾಳಿ ಎಲ್ಲಿ ಸೋರುತ್ತಿದೆಯೆಂಬುದೂ ತಿಳಿಯುವುದಿಲ್ಲ. ನಾಲ್ಕು ಗಾಲಿಗಳು ತಿಂಗಳಿಗೆ ಒಂದೊಂದು ಪೌಂಡು ಇಳಿದು, ಐದನೆಯದು ಆರು ಪೌಂಡು ಇಳಿದಿದ್ದರೆ, ಅಲ್ಲಿ ಮೊಳೆಯೋ ವಾಲ್ವಿನ ದೋಷವೋ ಇದೆ. ಹೆದ್ದಾರಿಯಲ್ಲಿ ತಿಳಿಯಬೇಕಾದ ಸಂಗತಿ ಅಂಗಡಿಯ ಮುಂದೆಯೇ ತಿಳಿದುಹೋಗುತ್ತದೆ. ವಿವಾದವೇನಾದರೂ ನ್ಯಾಯಾಲಯಕ್ಕೆ ಹೋದರೆ, ಮಾಲೀಕರು ತಕ್ಕ ಎಚ್ಚರಿಕೆ ವಹಿಸಿದ್ದರೆಂದು ತೋರಿಸಲು ಇಂತಹ ವಹಿಯೇ ಆಧಾರ.

ಯಾವ ದಿನ ನೋಡಬೇಕೆಂಬ ಪ್ರಶ್ನೆಗೆ ನಮ್ಮ ಕಡೆಯ ಪದ್ಧತಿಯಲ್ಲಿಯೇ ಉತ್ತರವಿದೆ. ಪ್ರತಿ ಅಮಾವಾಸ್ಯೆಯ ದಿನ ವಾಹನ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಪೂಜಿಸುವ ರೂಢಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅಂದು ಬೆಳಿಗ್ಗೆ ವಾಹನ ಮನೆಯ ಮುಂದೆಯೇ ನಿಂತಿರುತ್ತದೆ, ಟೈರುಗಳು ತಣ್ಣಗಿರುತ್ತವೆ, ಮಾಲೀಕರೂ ಚಾಲಕರೂ ಅಲ್ಲಿಯೇ ಇರುತ್ತಾರೆ. ಪೂಜೆಗೆ ಮೊದಲು ಹದಿನೈದು ನಿಮಿಷ ಮಾಪಕ ಹಿಡಿದು ಎಲ್ಲ ಗಾಲಿಗಳನ್ನೂ ಅಳೆದು, ವಹಿಯಲ್ಲಿ ಬರೆದು, ಸಮೀಪದ ಬಂಕಿನಲ್ಲಿ ಕೊರತೆಯನ್ನು ತುಂಬಿಸಿ ತಂದರೆ ತಿಂಗಳ ಕೆಲಸ ಮುಗಿಯಿತು. ದೂರದ ಪ್ರಯಾಣವಿದ್ದರೆ, ಹೆಚ್ಚಿನ ಭಾರ ಹೇರುವುದಿದ್ದರೆ ಹಿಂದಿನ ದಿನ ಮತ್ತೊಮ್ಮೆ ನೋಡಬೇಕು. ನಮ್ಮ ಸಂಸ್ಥೆಯ ಸದಸ್ಯರೆಲ್ಲರೂ ಬರುವ ಅಮಾವಾಸ್ಯೆಯಿಂದಲೇ ಇದನ್ನು ಆರಂಭಿಸಲಿ ಎಂದು ವಿನಂತಿಸುತ್ತೇನೆ.